ಚೆಂಡು ಬೀಳುವ ಜಾಗ: ಅಪ್ರೋಚ್ ಶಾಟ್‌ನಲ್ಲಿ ದೂರದ ಲೆಕ್ಕ

(ಧಾರವಾಡದಲ್ಲಿ ಗಾಲ್ಫ್ ಆಸಕ್ತರ ಎದುರು ಆಡಿದ ಮಾತುಗಳನ್ನು ತಿದ್ದಿ ಬರಹಕ್ಕೆ ಇಳಿಸಿದ್ದು)

ಇಲ್ಲಿ ಕೂತವರಲ್ಲಿ ಯಾರನ್ನಾದರೂ "ನಿಮ್ಮ ಏಳು ನಂಬರ್ ಐರನ್ ಎಷ್ಟು ದೂರ ಹೋಗುತ್ತದೆ?" ಅಂತ ಕೇಳಿದರೆ ಉತ್ತರ ತಕ್ಷಣ ಬರುತ್ತದೆ. "150 ಯಾರ್ಡ್ ಹೋಗ್ತೈತ್ರಿ." ಹೇಳುವಾಗ ಎದೆಯೂ ಸ್ವಲ್ಪ ಉಬ್ಬಿರುತ್ತದೆ. (ಐರನ್ ಅಂದರೆ ಲೋಹದ ತಲೆಯ ಕ್ಲಬ್; ಅದರ ನಂಬರ್ ಕಡಿಮೆಯಾದಷ್ಟೂ ಚೆಂಡು ದೂರ ಹೋಗುತ್ತದೆ.) ಸರಿ, ಹೋಗಿರಬಹುದು. ಯಾವತ್ತೋ ಒಂದು ದಿನ, ಬೇಸಿಗೆಯ ಗಟ್ಟಿ ನೆಲದಲ್ಲಿ, ಹಿಂದಿನಿಂದ ಗಾಳಿ ಬೀಸುತ್ತಿದ್ದಾಗ, ಚೆಂಡು ಕ್ಲಬ್ಬಿನ ನಟ್ಟನಡುವೆ ತಾಗಿದಾಗ. ಆ ಒಂದು ಹೊಡೆತ ತಲೆಯಲ್ಲಿ ಖಾಯಂ ಆಗಿ ಕೂತುಬಿಡುತ್ತದೆ. ಆಮೇಲೆ ವರ್ಷಗಟ್ಟಲೆ ಅದೇ ನೆನಪನ್ನು ನಂಬಿ ಕ್ಲಬ್ ಆರಿಸುತ್ತೇವೆ. ಚೆಂಡು ಹೋಲ್ ಇರುವ ನುಣುಪು ಹುಲ್ಲಿನ ಗ್ರೀನ್ ಮುಟ್ಟದೆ, ಬಂಕರ್ ಅನ್ನುವ ಮರಳಿನ ಗುಂಡಿಗೆ ಬಿದ್ದರೆ "ಇವತ್ತು ಯಾಕೋ ಸರಿ ಕೂಡಲಿಲ್ಲ" ಅನ್ನುತ್ತೇವೆ.

ಇದು ನಮ್ಮೂರಿನವರ ಗುಣ ಮಾತ್ರ ಅಲ್ಲ ಬಿಡಿ. 1971ರ ಫೆಬ್ರುವರಿಯಲ್ಲಿ ಅಪೊಲೊ 14ರ ಅಲನ್ ಶೆಪರ್ಡ್ ಚಂದ್ರನ ಮೇಲೆ ಗಾಲ್ಫ್ ಆಡಿದರು. ಮಣ್ಣು ತೆಗೆಯುವ ಸಲಕರಣೆಯ ಹಿಡಿಕೆಗೆ ಆರು ನಂಬರ್ ಐರನ್ನಿನ ತಲೆ ಸಿಕ್ಕಿಸಿಕೊಂಡು, ಆ ದಪ್ಪ ಸೂಟಿನಲ್ಲಿ ಎರಡು ಕೈ ಕೂಡದ ಕಾರಣ ಒಂದೇ ಕೈಯಲ್ಲಿ ಬೀಸಿದರು. ಚೆಂಡು ಮೈಲುಗಟ್ಟಲೆ ಹೋಯಿತು ಅಂತ ಅಲ್ಲಿಂದಲೇ ಹೇಳಿದರು. ಐವತ್ತು ವರ್ಷದ ಮೇಲೆ, 2021ರಲ್ಲಿ, ಹಳೆಯ ಫೋಟೋಗಳನ್ನು ಸ್ವಚ್ಛ ಮಾಡಿ ಅಳೆದು ನೋಡಿದರು. ಎರಡನೇ ಚೆಂಡು ಹೋಗಿದ್ದು ಸುಮಾರು 40 ಯಾರ್ಡ್, ಮೊದಲನೆಯದು 24. ಗಾಳಿಯೇ ಇಲ್ಲದ, ಗುರುತ್ವ ಆರನೇ ಒಂದು ಪಾಲು ಇರುವ ಜಾಗದಲ್ಲೂ ಗಾಲ್ಫ್ ಆಡುವವನು ತನ್ನ ದೂರವನ್ನು ಜಾಸ್ತಿಯೇ ಹೇಳುತ್ತಾನೆ.

ಹೊಸಬರೂ ಇದ್ದೀರಿ, ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಗ್ರೀನ್ ಮೇಲೆ ಚೆಂಡು ತಂದು ನಿಲ್ಲಿಸಲು ಹೊಡೆಯುವ ಹೊಡೆತವೇ ಅಪ್ರೋಚ್. ಅದು 180 ಯಾರ್ಡಿನಿಂದಲೂ ಇರಬಹುದು, 40ರಿಂದಲೂ ಇರಬಹುದು. ಎಡ-ಬಲ ತಪ್ಪುವುದನ್ನು ನಾವೆಲ್ಲ ನೋಡುತ್ತೇವೆ, ಅದಕ್ಕೆ ಗುರುಗಳ ಹತ್ತಿರ ಹೋಗುತ್ತೇವೆ. ಹಿಂದೆ-ಮುಂದೆ ತಪ್ಪುವುದನ್ನು ಮಾತ್ರ ಸುಮ್ನೆ ಅದೃಷ್ಟದ ಲೆಕ್ಕಕ್ಕೆ ಹಾಕುತ್ತೇವೆ. ಹವ್ಯಾಸಿಗಳ ಅಪ್ರೋಚ್‌ಗಳು ಹೆಚ್ಚಾಗಿ ಕಡಿಮೆ ಬೀಳುತ್ತವೆ, ಗ್ರೀನ್ ದಾಟಿ ಹೋಗುವುದು ಅಪರೂಪ. ನಿಮ್ಮ ಮುಂದಿನ ಸುತ್ತಿನಲ್ಲಿ ಎಣಿಸಿ ನೋಡಿ, ನಾನು ಹೇಳುವುದೇ ಬೇಡ.

ದೂರ ಹೊಡೆಯುವುದೇ ಬೇರೆ, ಬೇಕಾದ ದೂರಕ್ಕೆ ಹೊಡೆಯುವುದೇ ಬೇರೆ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾದರು, ಕಂಚಿಗೆ ಒಂದೇ ಒಂದು ಸ್ಟ್ರೋಕ್ ಕಡಿಮೆ. ಅಲ್ಲಿ ಆಡಿದವರಲ್ಲಿ ಡ್ರೈವ್, ಅಂದರೆ ಶುರುವಿನ ದೊಡ್ಡ ಹೊಡೆತ, ದೂರ ಹೋಗದವರ ಸಾಲಿನಲ್ಲಿ ಅವರಿದ್ದರು. ಬೇರೆಯವರು ಹತ್ತಿರದ ಹೊಡೆತದ ಸಣ್ಣ ಐರನ್ ಹಿಡಿದು ಗ್ರೀನಿಗೆ ಹೊಡೆಯುವಾಗ ಇವರು ಎಷ್ಟೋ ಸಲ ದೂರದ ಹೊಡೆತದ ಹೈಬ್ರಿಡ್ ಕ್ಲಬ್ ಹಿಡಿಯಬೇಕಾಗಿತ್ತು. ಅವರ ಪಟ್ಟಿಂಗ್, ಅಂದರೆ ಗ್ರೀನ್ ಮೇಲೆ ಚೆಂಡನ್ನು ಹೋಲಿಗೆ ಉರುಳಿಸುವುದರ ಬಗ್ಗೆ ಎಲ್ಲರೂ ಬರೆದರು, ಬರೆಯಬೇಕಾದ್ದೇ. ಆದರೆ ಅಷ್ಟು ಹಿಂದಿನಿಂದ ಹೊಡೆದೂ ಪಟ್ ಮಾಡುವಷ್ಟು ಹತ್ತಿರ ಬರುತ್ತಿದ್ದರಲ್ಲ, ಅದನ್ನೂ ನೋಡಬೇಕು.

ಈಗ ವಿಷಯಕ್ಕೆ ಬರೋಣ. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ: ಚೆಂಡು ನಿಂತ ಜಾಗ ಬಿಡಿ, ಬಿದ್ದ ಜಾಗ ನೋಡಿ. ಚೆಂಡು ಗಾಳಿಯಲ್ಲಿ ಹೋಗುವ ದೂರಕ್ಕೆ ಕ್ಯಾರಿ ಅಂತೀವಿ. ನೆಲಕ್ಕೆ ತಾಗಿದ ಮೇಲೆ ಉರುಳುವುದು ರೋಲ್. ಕ್ಯಾರಿ ನಿಮ್ಮ ಕೈಯಲ್ಲಿದೆ. ರೋಲ್ ನೆಲದ ಕೈಯಲ್ಲಿದೆ.

ಕ್ರಿಕೆಟ್ ಗೊತ್ತಿರುವವರಿಗೆ ಇದು ಬೇಗ ತಿಳಿಯುತ್ತದೆ. ನಮ್ಮ ಗದಗಿನ ಸುನಿಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್ ಹಾಕಿ, ಅದರಲ್ಲಿ 6 ಮೇಡನ್, ಬರೀ 6 ರನ್ ಕೊಟ್ಟು 5 ವಿಕೆಟ್ ತೆಗೆದರು. ಸ್ಪಿನ್ನರ್ ಲೆಂಗ್ತ್ ಹಿಡಿಯುವುದು ಅಂದರೆ ಏನು? ಚೆಂಡು ಎಲ್ಲಿ ಪುಟ ಬೀಳಬೇಕು ಅಂತ ಮೊದಲೇ ಗೊತ್ತು ಮಾಡಿಕೊಳ್ಳುವುದು. ಸ್ಟಂಪ್ ನೋಡಿಕೊಂಡು ಹಾಕಿದರೆ ಲೆಂಗ್ತ್ ಸಿಗುವುದಿಲ್ಲ. ಗಾಲ್ಫಿನಲ್ಲಿ ನಾವೆಲ್ಲ ಸ್ಟಂಪ್ ನೋಡಿಕೊಂಡು ಹಾಕುವವರು. ಕಣ್ಣು ಹೋಲಿನಲ್ಲಿ ನೆಟ್ಟ ಧ್ವಜದ ಮೇಲೆ, ಪುಟ ಎಲ್ಲಿ ಬೀಳಬೇಕು ಎಂಬ ಯೋಚನೆಯೇ ಇಲ್ಲ.

ಒಂದು ಲೆಕ್ಕ ಹೇಳುತ್ತೇನೆ, ಕಾಗದ ಇದ್ದವರು ಬರೆದುಕೊಳ್ಳಿ. ಧ್ವಜ 138 ಯಾರ್ಡ್ ದೂರ ಇದೆ. ಗ್ರೀನಿನ ಮುಂದಿನ ಅಂಚು 130. ಅದರ ಮುಂದೆಯೇ ಒಂದು ಬಂಕರ್, ಅದನ್ನು ದಾಟಲು 127 ಬೇಕು. ಗ್ರೀನಿನ ಆಳ 28 ಯಾರ್ಡ್, ಅಂದರೆ ಹಿಂದಿನ ಅಂಚು 158. ಒಬ್ಬರ ಎಂಟು ನಂಬರ್ ಐರನ್ ಚೆನ್ನಾಗಿ ಕೂತರೆ 135, ಸಾಧಾರಣವಾಗಿ 129, ಸ್ವಲ್ಪ ಕೆಟ್ಟರೆ 117 ಅಂತ ಇಟ್ಟುಕೊಳ್ಳಿ. ಏಳು ನಂಬರ್ 146, 140, 128. ಆರು ನಂಬರ್ 156, 150, 137. ಇವೆಲ್ಲ ಕ್ಯಾರಿ. ಈಗ ಹೇಳಿ, ಯಾವ ಕ್ಲಬ್?

ಕೈ ಎತ್ತಿದವರಲ್ಲಿ ಎಂಟು ಅಂದವರೇ ಜಾಸ್ತಿ. "135 ಬಿದ್ದು ಮೂರು ಯಾರ್ಡ್ ಉರುಳಿದರೆ ಹೋಲ್ ಪಕ್ಕಾನೇ" ಅನ್ನುವ ಲೆಕ್ಕ. ಹೌದು, ಚೆನ್ನಾಗಿ ಕೂತರೆ. ಸಾಧಾರಣ ಹೊಡೆತ 129, ಬಂಕರನ್ನು ಎರಡೇ ಯಾರ್ಡಿನಲ್ಲಿ ದಾಟಿ ಗ್ರೀನಿನ ಹೊರಗೆ ಬೀಳುತ್ತದೆ. ಸ್ವಲ್ಪ ಕೆಟ್ಟರೆ ಬಂಕರ್ ಗ್ಯಾರಂಟಿ. ಅದೇ ಏಳು ನಂಬರ್ ಹಿಡಿದರೆ ಕೆಟ್ಟ ಹೊಡೆತವೂ ಬಂಕರ್ ದಾಟುತ್ತದೆ, ಒಳ್ಳೆಯ ಹೊಡೆತ ಗ್ರೀನಿನ ನಡುವೆ ಬೀಳುತ್ತದೆ. ಗ್ರೀನ್ ಹಿಂದೆ ಅಪಾಯ ಇಲ್ಲದಿದ್ದರೆ ಆರು ನಂಬರ್ ಕೂಡ ತಪ್ಪಲ್ಲ. ಧ್ವಜ ಮುಂದೆ ಇದೆ ಅಂತ ಗ್ರೀನು ಮುಂದಕ್ಕೆ ಬರುವುದಿಲ್ಲ. ಪಟ್ ಸ್ವಲ್ಪ ಉದ್ದ ಆಗುತ್ತದೆ, ಆಗಲಿ. ಮರಳಿನಿಂದ ಹೊಡೆಯುವುದಕ್ಕಿಂತ ವಾಸಿ.

ಹಾಗಾಗಿ ಪ್ರತಿ ಕ್ಲಬ್ಬಿಗೂ ನಿಮಗೆ ಗೊತ್ತಿರಬೇಕಾದ್ದು ಸಾಧಾರಣ ಕ್ಯಾರಿ. ಹತ್ತು ಹೊಡೆತದಲ್ಲಿ ಅತಿ ಒಳ್ಳೆಯ ಎರಡನ್ನು ಬಿಡಿ, ಪೂರ್ತಿ ಹಾಳಾದ ಎರಡನ್ನೂ ಬಿಡಿ. ನಡುವಿನ ಆರು ಎಲ್ಲಿ ಬಿದ್ದವೋ ಅದೇ ನಿಮ್ಮ ನಂಬರ್. ಮನಸ್ಸಿಗೆ ಬೇಜಾರಾಗುತ್ತದೆ. 150 ಅಂದುಕೊಂಡಿದ್ದು 138 ಆಗಿರುತ್ತದೆ. ಆ ಬೇಜಾರನ್ನು ನುಂಗಿಕೊಂಡರೆ ಅಭ್ಯಾಸವಿಲ್ಲದೆಯೇ ಅರ್ಧ ಸುಧಾರಣೆ ಆದ ಹಾಗೆ.

"ಅಳೆಯೋದು ಎಲ್ರೀ ಸರ?" ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಬೆಂಗಳೂರಿನಷ್ಟು ಅಭ್ಯಾಸದ ರೇಂಜುಗಳು ನಮ್ಮ ಕಡೆ ಇಲ್ಲ. ರೇಂಜಿಗೆ ಹೋದರೂ ಎರಡು ತೊಂದರೆ ಇವೆ. ಅಲ್ಲಿನ ಚೆಂಡುಗಳು ಸವೆದಿರುತ್ತವೆ, ಅವು ಕಡಿಮೆ ಹೋಗುತ್ತವೆ. ಇನ್ನೊಂದು, ಮ್ಯಾಟ್. ಚೆಂಡಿನ ಹಿಂದೆ ಎರಡು ಇಂಚು ನೆಲಕ್ಕೆ ತಾಗಿಸಿದರೂ ಮ್ಯಾಟ್ ಮೇಲೆ ಕ್ಲಬ್ ಜಾರಿ ಹೋಗಿ ಚೆಂಡು ಹಾರುತ್ತದೆ. ಹುಲ್ಲಿನ ಮೇಲೆ ಅದೇ ಹೊಡೆತ ಅರ್ಧ ದಾರಿಗೂ ಹೋಗುವುದಿಲ್ಲ. ಮ್ಯಾಟ್ ನಿಮಗೆ ಒಳ್ಳೆಯ ಸುಳ್ಳು ಹೇಳುತ್ತದೆ.

ಇಲ್ಲಿ ನಮಗೆ ಒಂದು ಅನುಕೂಲ ಇದೆ, ಅದನ್ನು ನಾವು ಬಳಸುತ್ತಲೇ ಇಲ್ಲ. ನಮ್ಮ ಎರಿ ಮಣ್ಣು. ಹುಬ್ಬಳ್ಳಿಯಿಂದ ನವಲಗುಂದದ ಕಡೆ, ಗದಗಿನ ಕಡೆ ಹೋದರೆ ಕಣ್ಣು ಹಾಯುವವರೆಗೆ ಅದೇ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತಾಗಿರುತ್ತದೆ, ಚೆಂಡು ಪುಟಿದು ಎತ್ತೆತ್ತಲೋ ಹೋಗುತ್ತದೆ. ಆಗ ಅಳೆದರೆ ನೆಲದ ಲೆಕ್ಕ ಸಿಗುತ್ತದೆ, ನಿಮ್ಮದಲ್ಲ. ಮಳೆಗಾಲದಲ್ಲಿ ಅದೇ ಮಣ್ಣು ಮೆತ್ತಗಾಗುತ್ತದೆ. ಚೆಂಡು ಬಿದ್ದಲ್ಲೇ ಕೂರುತ್ತದೆ, ಒಂದಡಿಯೂ ಉರುಳುವುದಿಲ್ಲ. ಕ್ಯಾರಿ ಅಳೆಯಲು ಇದಕ್ಕಿಂತ ಒಳ್ಳೆಯ ನೆಲ ಯಾವುದಿದೆ? ಹಿಂಗಾರಿ ಬಿತ್ತನೆಗೆ ಅಂತ ಖಾಲಿ ಬಿಟ್ಟ ಹೊಲ ಇದ್ದರೆ, ಹೊಲದವರನ್ನು ಕೇಳಿ, ಮಳೆ ನಿಂತು ಎರಡು ದಿನ ಆದ ಮೇಲೆ ಹೋಗಿ. ಮಳೆಯ ಮರುದಿನವೇ ಹೋದರೆ ಒಂದೊಂದು ಕಾಲಿಗೆ ಎರಡೆರಡು ಕಿಲೋ ಮಣ್ಣು ಮೆತ್ತಿಕೊಂಡು ಬರುತ್ತೀರಿ. ಹೆಸರು, ಶೇಂಗಾ ಹಾಕಿದ ಹೊಲದ ಕಡೆ ಮಾತ್ರ ತಿರುಗಿಯೂ ನೋಡಬೇಡಿ. ಹೊಡೆಯುವ ದಿಕ್ಕಿನಲ್ಲಿ ದನ ಇಲ್ಲ, ಮನುಷ್ಯರಿಲ್ಲ, ರಸ್ತೆ ಇಲ್ಲ ಅಂತ ನೋಡಿಕೊಳ್ಳುವುದು ಎಲ್ಲದಕ್ಕಿಂತ ಮೊದಲು. 46 ಗ್ರಾಂ ತೂಕದ ಗಟ್ಟಿ ಚೆಂಡು ಅದು, ಆಟಿಗೆಯಲ್ಲ.

ಅಲ್ಲಿ ಮಾಡಬೇಕಾದ್ದು ಸುಲಭ. ಐವತ್ತು ಮೀಟರಿನ ಟೇಪು ತೆಗೆದುಕೊಂಡು ಹೋಗಿ. ಗೋಣಿಚೀಲಗಳನ್ನು ಹಾಸಿ ಗುರುತು ಮಾಡಿ. ಒಂದು ಯಾರ್ಡ್ ಅಂದರೆ 91 ಸೆಂಟಿಮೀಟರ್ ಚಿಲ್ಲರೆ, ಹಾಗಾಗಿ 100 ಯಾರ್ಡ್ ಅಂದರೆ 91 ಮೀಟರ್ ಮತ್ತೆ ಸುಮಾರು ಒಂದು ಮೊಳ ಜಾಸ್ತಿ. ಹತ್ತು ಚೆಂಡು ಹೊಡೆದು, ನಡೆದು ಹೋಗಿ, ಗುಂಡಿ ಬಿದ್ದ ಜಾಗ ಬರೆದುಕೊಳ್ಳಿ. ಆಟಕ್ಕೆ ಬಳಸುವ ಚೆಂಡನ್ನೇ ಹೊಡೆಯಿರಿ.

ಈಗ ಹೊಡೆತಕ್ಕೆ ಬರೋಣ. ಒಂದೇ ಕ್ಲಬ್, ಒಂದೇ ಬೀಸು, ಆದರೂ ಒಂದು ಚೆಂಡು 140, ಇನ್ನೊಂದು 125. ಯಾಕೆ? ಹೆಚ್ಚಿನ ಸಲ ಬೀಸಿನ ವೇಗ ಬದಲಾಗಿರುವುದಿಲ್ಲ. ಚೆಂಡು ಕ್ಲಬ್ಬಿನ ಯಾವ ಭಾಗಕ್ಕೆ ತಾಗಿತು, ಕ್ಲಬ್ ನೆಲಕ್ಕೆ ಎಲ್ಲಿ ತಾಗಿತು, ಇವೆರಡೇ ಕಾರಣ. ತುದಿಗೆ ತಾಗಿದರೆ ಕ್ಲಬ್ ತಿರುಚಿಕೊಂಡು ಶಕ್ತಿ ಸೋರಿಹೋಗುತ್ತದೆ. ಇದನ್ನು ಕಂಡುಹಿಡಿಯಲು ಯಂತ್ರ ಬೇಡ. ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್ ಸ್ವಲ್ಪ ಕ್ಲಬ್ಬಿನ ಮುಖಕ್ಕೆ ಸವರಿ ಹೊಡೆಯಿರಿ. ಚೆಂಡಿನ ಗುರುತು ದುಂಡಗೆ ಮೂಡುತ್ತದೆ. ನೆಲಕ್ಕೆ ರಂಗೋಲಿ ಪುಡಿಯಲ್ಲಿ ಒಂದು ಗೆರೆ ಎಳೆಯಿರಿ. ಗೆರೆಯ ಮೇಲೆ ಚೆಂಡು ಇಟ್ಟು ಹೊಡೆಯಿರಿ. ಮಣ್ಣು ಕಿತ್ತ ಗುರುತು ಗೆರೆಯಿಂದ ಗುರಿಯ ಕಡೆಗೆ ಶುರುವಾಗಬೇಕು. ಗೆರೆಯ ಹಿಂದೆ ಶುರುವಾಗಿದ್ದರೆ ನೀವು ಮೊದಲು ಭೂಮಿಗೆ ಹೊಡೆದು ಆಮೇಲೆ ಚೆಂಡಿಗೆ ಹೊಡೆದಿದ್ದೀರಿ. ಅದಕ್ಕೆ ಬಹಳ ಸಲ ಒಂದೇ ಕಾರಣ: ಚೆಂಡನ್ನು ಎತ್ತಬೇಕು ಅಂತ ಮೈಭಾರವನ್ನು ಹಿಂದಿನ ಕಾಲಿಗೆ ಹಾಕುವುದು. ಚೆಂಡನ್ನು ಎತ್ತುವ ಕೆಲಸ ಕ್ಲಬ್ಬಿನ ಇಳಿಜಾರು ಮಾಡುತ್ತದೆ. ಭಾರ ಮುಂದಿನ ಕಾಲಿನ ಮೇಲೆ ಇರಲಿ.

ಕ್ರಿಕೆಟಿನಿಂದ ಬಂದವರಿಗೆ ಇಲ್ಲಿ ಒಂದು ಮಾತು. ಕೆಳಗಿನ ಕೈಯಲ್ಲಿ ಎತ್ತಿ ಬಾರಿಸುವ ಚಾಳಿ ಬೇಗ ಬಿಡುವುದಿಲ್ಲ. ಸಿಕ್ಸರ್‌ಗೆ ಗೆರೆ ದಾಟಿದರೆ ಸಾಕು, ಎಷ್ಟು ದಾಟಿತು ಅನ್ನುವುದು ಬೇಕಿಲ್ಲ. ಇಲ್ಲಿ ಅದೇ ಬೇಕು.

ನೂರು ಯಾರ್ಡಿನ ಒಳಗೆ ಬಂದರೆ ವಿಷಯ ಬೇರೆ. ಪೂರ್ತಿ ಬೀಸಿದರೆ ಜಾಸ್ತಿ, ತಡೆದು ಹೊಡೆದರೆ ಕಡಿಮೆ. ಹೆಚ್ಚಿನವರು ಮಾಡುವುದು ಏನೆಂದರೆ, ದೊಡ್ಡದಾಗಿ ಹಿಂದಕ್ಕೆ ಎತ್ತಿ, ಅರ್ಧದಲ್ಲಿ ಹೆದರಿ, ಚೆಂಡಿನ ಹತ್ತಿರ ಬರುವಾಗ ಬ್ರೇಕ್ ಹಾಕುವುದು. ದೂರವನ್ನು ಜೋರಿನಿಂದ ಅಳೆಯಬೇಡಿ, ಬೀಸಿನ ಉದ್ದದಿಂದ ಅಳೆಯಿರಿ. ಮೂರು ಉದ್ದ ಸಾಕು. ಕೈ ಸೊಂಟದ ಮಟ್ಟಕ್ಕೆ, ಎಡಗೈ ನೆಲಕ್ಕೆ ಸಮನಾಗುವ ಮಟ್ಟಕ್ಕೆ, ಮತ್ತೆ ಪೂರ್ತಿ. ಎಡಗೈ ಆಟಗಾರರು ಬಲಗೈ ಅಂತ ತಿಳಿದುಕೊಳ್ಳಿ. ಮೂರರಲ್ಲೂ ಲಯ ಒಂದೇ. ಹಿಂದಕ್ಕೆ ಹೋಗಲು ಮೂರು ಪಾಲು ಸಮಯ, ಕೆಳಗೆ ಬಂದು ಚೆಂಡು ಮುಟ್ಟಲು ಒಂದು ಪಾಲು. ಒಳ್ಳೆಯ ಆಟಗಾರರ ವಿಡಿಯೊ ಅಳೆದು ನೋಡಿದರೆ ಹೆಚ್ಚುಕಡಿಮೆ ಇದೇ ಸಿಗುತ್ತದೆ. ಹಿಂದೆ ಎಷ್ಟು ಹೋಯಿತೋ ಮುಂದೆಯೂ ಅಷ್ಟು ಹೋಗಲಿ.

ಹತ್ತಿರದ ಹೊಡೆತಕ್ಕೆ ಮುಖ ಹೆಚ್ಚು ಓರೆಯಾಗಿರುವ ಕ್ಲಬ್ಬೇ ವೆಜ್, ಆ ಓರೆಯ ಅಳತೆಯೇ ಡಿಗ್ರಿ. 56 ಡಿಗ್ರಿಯ ಸ್ಯಾಂಡ್ ವೆಜ್ ಪೂರ್ತಿ ಬೀಸಿಗೆ 75 ಹೋಗುವವರಿಗೆ ನಡುವಿನದು 50ರ ಆಸುಪಾಸು, ಸೊಂಟದ ಮಟ್ಟದ್ದು 30 ಅಂತ ಇರಬಹುದು. ನಿಮ್ಮದು ಬೇರೆ ಇರುತ್ತದೆ, ಅಳೆದುಕೊಳ್ಳಿ. ಮೂರು ವೆಜ್ ಇದ್ದರೆ ಒಂಬತ್ತು ದೂರಗಳು ಸಿಕ್ಕವು. ಹಿಡಿಕೆಯನ್ನು ಒಂದಿಂಚು ಕೆಳಗೆ ಹಿಡಿದರೆ ಮತ್ತೆ ನಾಲ್ಕೈದು ಯಾರ್ಡ್ ಕಡಿಮೆ. ಅದನ್ನೂ ಲೆಕ್ಕಕ್ಕೆ ಹಿಡಿದರೆ ಖಾಲಿ ಜಾಗವೇ ಉಳಿಯುವುದಿಲ್ಲ. ಈ ನಂಬರುಗಳನ್ನು ಸಣ್ಣ ಚೀಟಿಯಲ್ಲಿ ಬರೆದು ಬ್ಯಾಗಿಗೆ ಅಂಟಿಸಿಕೊಳ್ಳಿ, ನಾಚಿಕೆ ಏನಿಲ್ಲ.

ಇನ್ನೊಂದು ವಿಷಯ, ಹೊಸ ಸೆಟ್ ಕೊಂಡವರಿಗೆ. ಹಿಂದೆಲ್ಲ ಪಿಚಿಂಗ್ ವೆಜ್ 48 ಡಿಗ್ರಿ ಹತ್ತಿರ ಇರುತ್ತಿತ್ತು. ಈಗಿನ ಸೆಟ್‌ಗಳಲ್ಲಿ 44, ಕೆಲವದರಲ್ಲಿ ಅದಕ್ಕಿಂತಲೂ ಕಡಿಮೆ. ಕ್ಲಬ್ಬಿನ ಮೇಲಿನ ನಂಬರ್ ಹಳೆಯದೇ, ಒಳಗಿನ ಡಿಗ್ರಿ ಬೇರೆ. ಅದಕ್ಕೇ ಅದು ದೂರ ಹೋಗುತ್ತದೆ, ನಿಮಗೆ ಶಕ್ತಿ ಬಂದದ್ದಲ್ಲ. ಆದರೆ 44ರಿಂದ ನೇರ 56ಕ್ಕೆ ಇಳಿದರೆ ನಡುವೆ ದೊಡ್ಡ ಬಿಲ. ಅಲ್ಲಿಗೆ 50 ಡಿಗ್ರಿಯದೊಂದು ಬೇಕು. ನಿಯಮದ ಪ್ರಕಾರ ಬ್ಯಾಗಿನಲ್ಲಿ 14 ಕ್ಲಬ್ ಮಾತ್ರ, ಹಾಗಾಗಿ ಮೇಲಿನಿಂದ ಒಂದನ್ನು ಮನೆಯಲ್ಲಿ ಬಿಡಿ. ಮೂರು ನಂಬರ್ ಐರನ್ ಬಿಡಿ ಅನ್ನುತ್ತೇನೆ. ಹೇಗೂ ಅದನ್ನು ಹೊಡೆಯಲು ನಮ್ಮಲ್ಲಿ ಯಾರಿಗೂ ಬರುವುದಿಲ್ಲ.

ಗಾಳಿ ಬಗ್ಗೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಸುಮ್ನೆ ನಿಂತಿಲ್ಲ. ಮುಂಗಾರಿನಲ್ಲಿ ಪಡುವಣ ಗಾಳಿ ನಮ್ಮ ಕಡೆ ಹೇಗೆ ಬೀಸುತ್ತದೆ ಅಂತ ನಿಮಗೆ ಗೊತ್ತು. ಎದುರುಗಾಳಿ ತಗ್ಗಿಸುವಷ್ಟನ್ನು ಬೆನ್ನಗಾಳಿ ಹೆಚ್ಚಿಸುವುದಿಲ್ಲ. ಆಟಗಾರರು ಇಟ್ಟುಕೊಳ್ಳುವ ಅಂದಾಜು ಹೀಗಿದೆ: ಗಂಟೆಗೆ 16 ಕಿಲೋಮೀಟರ್ ಎದುರುಗಾಳಿಗೆ ದೂರ ನೂರಕ್ಕೆ ಹತ್ತು ಪಾಲು ಕಡಿಮೆ, ಅದೇ ಗಾಳಿ ಹಿಂದಿನಿಂದ ಬಂದರೆ ನೂರಕ್ಕೆ ಐದು ಪಾಲು ಜಾಸ್ತಿ. 150ರ ಹೊಡೆತಕ್ಕೆ ಎದುರಾದರೆ 15 ಯಾರ್ಡ್ ಹೋಯಿತು, ಹಿಂದಿನಿಂದಾದರೆ ಏಳೆಂಟು ಬಂತು. ಎದುರುಗಾಳಿಗೆ ಜೋರಾಗಿ ಹೊಡೆಯುವುದು ಸಹಜ ಆಸೆ. ಅದೇ ಕೆಡಿಸುವುದು. ಜೋರು ಮಾಡಿದಷ್ಟೂ ಹಿಮ್ಮುಖ ಸ್ಪಿನ್ ಜಾಸ್ತಿ, ಚೆಂಡು ಮೇಲಕ್ಕೇರಿ ಅಲ್ಲೇ ನಿಂತು ಕೆಳಗೆ ಬೀಳುತ್ತದೆ. ಎರಡು ಕ್ಲಬ್ ಜಾಸ್ತಿ, ಅಂದರೆ ಏಳರ ಜಾಗದಲ್ಲಿ ಐದು ನಂಬರ್ ಹಿಡಿದು ಆರಾಮಾಗಿ ಬೀಸಿ.

ಎತ್ತರವೂ ಲೆಕ್ಕಕ್ಕಿದೆ. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಇಲ್ಲಿ ಗಾಳಿ ಸ್ವಲ್ಪ ತೆಳು. ರಜೆಗೆ ಗೋವಾಕ್ಕೆ ಹೋಗಿ ಆಡಿದರೆ 150ರ ಹೊಡೆತ ಸುಮಾರು ನಾಲ್ಕು ಯಾರ್ಡ್ ಕಡಿಮೆಯಾಗುತ್ತದೆ. ಡಿಸೆಂಬರಿನ ಬೆಳಗಿನ ಚಳಿಗೂ ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೂ ಮತ್ತೆ ಮೂರ್ನಾಲ್ಕು ಯಾರ್ಡ್ ವ್ಯತ್ಯಾಸ. "ಮಳೆಗಾಲದಾಗ ಹವಾ ಭಾರ ಇರತೈತ್ರಿ, ಅದಕ್ಕ ಚೆಂಡು ಹೋಗೂದಿಲ್ಲ" ಅಂತ ಒಬ್ಬರು ಈಗ ಹೇಳಿದರು. ತೇವ ಇರುವ ಗಾಳಿ ಒಣ ಗಾಳಿಗಿಂತ ಕೊಂಚ ಹಗುರ. ನೀರಾವಿಯ ಅಣು ಸಾರಜನಕ, ಆಮ್ಲಜನಕದ ಅಣುಗಳಿಗಿಂತ ಹಗುರ, ಅದಕ್ಕೆ. ಮಳೆಗಾಲದಲ್ಲಿ ಚೆಂಡು ಕಡಿಮೆ ಹೋಗುವುದಕ್ಕೆ ತಂಪು, ಎದುರುಗಾಳಿ, ಒದ್ದೆ ನೆಲದಲ್ಲಿ ಉರುಳದಿರುವುದು ಕಾರಣ. ತೇವದ ಮೇಲೆ ತಪ್ಪು ಹೊರಿಸಬೇಡಿ.

ಹುಲ್ಲಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ರಫ್ ಅಂದರೆ ಹುಲ್ಲು ಉದ್ದ ಬಿಟ್ಟ ಜಾಗ. ಸಾಧಾರಣ ಎತ್ತರದ ಒಣ ರಫ್‌ನಲ್ಲಿ ಚೆಂಡು ಹುಲ್ಲಿನ ಮೇಲೆ ಕೂತಿದ್ದರೆ ಎಚ್ಚರ. ಕ್ಲಬ್ಬಿಗೂ ಚೆಂಡಿಗೂ ನಡುವೆ ಹುಲ್ಲು ಸಿಕ್ಕಿ ಸ್ಪಿನ್ ಕಡಿಮೆಯಾಗುತ್ತದೆ. ಚೆಂಡು ಅಂದುಕೊಂಡದ್ದಕ್ಕಿಂತ ದೂರ ಹಾರಿ, ಬಿದ್ದ ಮೇಲೂ ಓಡುತ್ತದೆ. ಹುಲ್ಲಿನೊಳಗೆ ಹೂತಿದ್ದರೆ ಅಂದುಕೊಂಡದ್ದಕ್ಕಿಂತ ಕಡಿಮೆ ಹಾರುತ್ತದೆ. ಏರಿನಲ್ಲಿರುವ ಗ್ರೀನಿಗೆ ಒಂದು ಯಾರ್ಡ್ ಎತ್ತರಕ್ಕೆ ಒಂದು ಯಾರ್ಡ್ ಸೇರಿಸಿ, ಇಳಿಜಾರಿಗೆ ಅಷ್ಟೇ ಕಳೆಯಿರಿ. ಕೆಲವು ಊರುಗಳಲ್ಲಿ ಗ್ರೀನಿನ ಬದಲು ಎಣ್ಣೆ ಬೆರೆಸಿದ ಮರಳಿನ ಬ್ರೌನ್ ಇರುತ್ತದೆ. ಅದರ ಸುತ್ತಲಿನ ಗಟ್ಟಿ ನೆಲದಲ್ಲಿ ಮುಂದೆಯೇ ಬೀಳಿಸಿ ಉರುಳಿಸುವುದು ಕ್ಷೇಮ. ಬ್ರೌನಿನಲ್ಲಿ ಆಡಿ ಕಲಿತವರಿಗೆ ಬೀಳುವ ಜಾಗದ ಅಂದಾಜು ಚೆನ್ನಾಗಿರುತ್ತದೆ. ಸುತ್ತ ಹಸಿರು ಕಂಡರೆ ಸಾಕು ಅನ್ನುವವರು ಅವರನ್ನು ಹಗುರವಾಗಿ ನೋಡುವುದು ನನಗೆ ಸರಿ ಕಾಣುವುದಿಲ್ಲ.

ಅಭ್ಯಾಸ ಮಾಡುವಾಗ ಒಂದೇ ಕ್ಲಬ್ ಹಿಡಿದು ಐವತ್ತು ಚೆಂಡು ಬಾರಿಸಬೇಡಿ. ಹತ್ತನೆಯದಕ್ಕೇ ಕೈ ಪಳಗಿಬಿಡುತ್ತದೆ, ಕೋರ್ಸಿನಲ್ಲಿ ಹಾಗೆ ಹತ್ತು ಅವಕಾಶ ಯಾರೂ ಕೊಡುವುದಿಲ್ಲ. ಒಂದು 40ಕ್ಕೆ, ಮುಂದಿನದು 90ಕ್ಕೆ, ಅದರ ಮುಂದಿನದು 65ಕ್ಕೆ. ಹೊಡೆದ ಕೂಡಲೇ, ಚೆಂಡು ನೋಡುವ ಮೊದಲೇ, "62" ಅಂತ ಬಾಯಿಬಿಟ್ಟು ಹೇಳಿ. ಆಮೇಲೆ ನೋಡಿ. ಶುರುವಿನಲ್ಲಿ ನೀವು ಹೇಳಿದ್ದಕ್ಕೂ ಬಿದ್ದದ್ದಕ್ಕೂ ಸಂಬಂಧವೇ ಇರುವುದಿಲ್ಲ. ಸ್ವಲ್ಪ ದಿನಕ್ಕೆ ಕೈಗೆ ತಿಳಿಯತೊಡಗುತ್ತದೆ. ಪಕ್ಕದಲ್ಲಿ ಇನ್ನೊಬ್ಬರು ಇದ್ದರೆ ಚಹಾದ ಪಂದ್ಯ ಕಟ್ಟಿ, ಇನ್ನೂ ಬೇಗ ತಿಳಿಯುತ್ತದೆ.

ಕೊನೆಗೆ ಎರಡು ಪ್ರಶ್ನೆ ಬಂದಿದ್ದವು. ದೂರ ಅಳೆಯುವ ರೇಂಜ್‌ಫೈಂಡರ್ ಬಳಸಬಹುದಾ ಅಂತ ಒಂದು. 2019ರ ನಿಯಮಗಳ ಪ್ರಕಾರ ಬಳಸಬಹುದು, ಆ ಪಂದ್ಯದ ಸಮಿತಿ ಬೇಡ ಅನ್ನದಿದ್ದರೆ. ಏರಿಳಿತ ಲೆಕ್ಕ ಹಾಕುವ ಸೌಲಭ್ಯ ಇದ್ದರೆ ಪಂದ್ಯದಲ್ಲಿ ಅದನ್ನು ಆಫ್ ಮಾಡಿರಬೇಕು. ಆದರೆ ಆ ಯಂತ್ರ ಧ್ವಜ ಎಷ್ಟು ದೂರ ಅಂತ ಹೇಳುತ್ತದೆ, ನೀವು ಎಷ್ಟು ದೂರ ಹೊಡೆಯುತ್ತೀರಿ ಅಂತ ಹೇಳುವುದಿಲ್ಲ. ಧ್ವಜದ ಜೊತೆ ಬಂಕರಿನ ತುದಿಯನ್ನೂ ಅಳೆಯಿರಿ, ಆಗ ದುಡ್ಡು ಕೊಟ್ಟದ್ದಕ್ಕೆ ಸಾರ್ಥಕ.

ಇನ್ನೊಂದು ಪ್ರಶ್ನೆ, ಯಾವ ಚೆಂಡು ಒಳ್ಳೆಯದು. ಮೆತ್ತನೆ ಯುರೆಥೇನ್ ಹೊದಿಕೆಯದು ಜಾಸ್ತಿ ಸ್ಪಿನ್ ತೆಗೆದುಕೊಳ್ಳುತ್ತದೆ, ಬೇಗ ನಿಲ್ಲುತ್ತದೆ, ದುಬಾರಿ. ಗಟ್ಟಿ ಹೊದಿಕೆಯ ಎರಡು ಪದರದ್ದು ಅಗ್ಗ, ಬಿದ್ದ ಮೇಲೆ ಓಡುತ್ತದೆ. ಡ್ರೈವರಿನಲ್ಲಿ ಈ ವ್ಯತ್ಯಾಸ ಅಷ್ಟು ಕಾಣುವುದಿಲ್ಲ, 30ರಿಂದ 80 ಯಾರ್ಡಿನ ವೆಜ್ ಹೊಡೆತಗಳಲ್ಲಿ ಚೆನ್ನಾಗಿ ಕಾಣುತ್ತದೆ. ಎರಡರಲ್ಲಿ ಯಾವುದಾದರೂ ಆಗಲಿ, ಒಂದನ್ನೇ ಆಡಿ. ಮೊದಲ ಹೋಲಿಗೆ ಡಬ್ಬದಿಂದ ತೆಗೆದ ಹೊಸದು, ಐದನೇ ಹೋಲಿಗೆ ಕೆರೆಯಲ್ಲಿ ಸಿಕ್ಕಿದ್ದು, ಒಂಬತ್ತನೇ ಹೋಲಿಗೆ ಗೆಳೆಯರು ಕೊಟ್ಟದ್ದು, ಹೀಗೆ ಆಡಿದರೆ ನೀವು ಹೊಲದಲ್ಲಿ ಟೇಪು ಹಿಡಿದು ಬರೆದುಕೊಂಡ ಚೀಟಿ ಯಾವ ಚೆಂಡಿಗೂ ಹೊಂದುವುದಿಲ್ಲ.